ಮೂಳೆ ಸಿಗದ ಬಂಡೆಗೂ ಬೆಲೆ ಇದೆ

"ನಮ್ಮೂರ ಬಂಡೇಲಿ ಏನೈತೆ? ಬರೀ ಕಲ್ಲು" ಎಂದು ತುಂಬಾ ಜನ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಯಾಕೆಂದು ಬರೆದಿದ್ದೇನೆ, ಓದಿ.

ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಹಳದಿ ಸುಣ್ಣಕಲ್ಲು ಇದೆ. ಅದು ಜುರಾಸಿಕ್ ಕಾಲದ್ದು. ಆ ಕಾಲ ಶುರುವಾದದ್ದು ಸುಮಾರು 20 ಕೋಟಿ ವರ್ಷಗಳ ಹಿಂದೆ. ಈಗಿನ ಮರಳುಗಾಡು ಆಗ ಸಮುದ್ರವಾಗಿತ್ತು. ಸತ್ತ ಜೀವಿಗಳ ಚಿಪ್ಪುಗಳು ಕೆಸರಿನಲ್ಲಿ ಹೂತು, ಕೆಸರೇ ಗಟ್ಟಿಯಾಗಿ ಕಲ್ಲಾಯಿತು. ಅದಕ್ಕೇ ಅಲ್ಲಿ ಪಳೆಯುಳಿಕೆಗಳು ಸಿಗುತ್ತವೆ.

ನಮ್ಮ ಬಂಡೆಯಲ್ಲಿ ಚಿಪ್ಪೂ ಇಲ್ಲ, ಮೂಳೆಯೂ ಇಲ್ಲ. ಹೆಬ್ಬಾಳ, ಯಲಹಂಕದ ಕಡೆಯ ಕಲ್ಲು ಹೆಚ್ಚಾಗಿ ನೈಸ್ ಎಂಬ ಜಾತಿಯದು. ಭೂಮಿಯ ಆಳದಲ್ಲಿ ಕಾವಿಗೂ ಒತ್ತಡಕ್ಕೂ ಸಿಕ್ಕಿ ಆದದ್ದು. ಅದರ ಕಪ್ಪು ಬಿಳಿ ಪಟ್ಟೆಗಳನ್ನು ನೀವೇ ಹೋಗಿ ನೋಡಬಹುದು. ಲಾಲ್‌ಬಾಗ್ ಬಂಡೆಯೂ ಇದೇ ಜಾತಿ. ಅದಕ್ಕೆ ಸುಮಾರು 300 ಕೋಟಿ ವರ್ಷ! ಆಗ ಮೂಳೆ ಇರುವ ಪ್ರಾಣಿ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಇಲ್ಲದ್ದು ಸಿಗೋದು ಹೇಗೆ?

ಪಳೆಯುಳಿಕೆಯೇ ಬೇಕು ಅನ್ನುವವರು ಚಿತ್ರದುರ್ಗದ ಕಡೆ ನೋಡಿ. ಅಲ್ಲಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್ ಇದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳು ಪದರ ಪದರವಾಗಿ ಕಟ್ಟಿದ್ದು. ಅದು ಜುರಾಸಿಕ್ ಕಲ್ಲಿಗಿಂತ ಎಷ್ಟೋ ಪಟ್ಟು ಹಳೆಯದು.

ಲಾಲ್‌ಬಾಗ್ ಬಂಡೆಯನ್ನು ಸರ್ಕಾರದ ಭೂವಿಜ್ಞಾನ ಇಲಾಖೆಯವರು ರಾಷ್ಟ್ರೀಯ ಸ್ಮಾರಕವೆಂದು ಸಾರಿದ್ದಾರೆ. ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಕ್ರಿ.ಶ. 750ರ ಸುಮಾರಿನದು. ಅದಕ್ಕೆ ಮಂಟಪ ಕಟ್ಟಿ ಕಾಪಾಡಿದ್ದಾರೆ. ಬಹಳ ಒಳ್ಳೆಯ ಕೆಲಸ. ಸಾವಿರ ವರ್ಷದ ಕಲ್ಲಿಗೆ ಮಂಟಪ, ಕೋಟಿ ಕೋಟಿ ವರ್ಷದ ಕಲ್ಲಿಗೆ ಸಿಡಿಮದ್ದು. ಇದು ಯಾವ ನ್ಯಾಯ?

"ಜಲ್ಲಿ ಇಲ್ದೆ ಮನೆ ಹೆಂಗೆ ಕಟ್ತೀಯಾ? ಕಲ್ಲು ಒಡೆಯೋರು ಹೊಟ್ಟೆಗೇನ್ ಮಾಡ್ಬೇಕು?" ಎಂದು ದೊಡ್ಡವರು ಕೇಳುತ್ತಾರೆ. ಅದೂ ನಿಜವೇ. ನಮ್ಮ ಶಾಲೆಯ ತಳಪಾಯವೂ ಕಲ್ಲಿನದೇ. ಎಲ್ಲಾ ಕ್ವಾರಿ ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಊರಿಗೆ ಒಂದು ಬಂಡೆಯನ್ನಾದರೂ ಬಿಡಿ ಎನ್ನುತ್ತೇನೆ. ಮರ ಕಡಿದರೆ ಇನ್ನೊಂದು ನೆಡಬಹುದು. ಬಂಡೆಯನ್ನು ನೆಡಲು ಆಗುತ್ತದೆಯೇ?

ಕೆರೆ ಪಕ್ಕದ ಬಂಡೆ ಅರ್ಧ ಆಗಲೇ ಜಲ್ಲಿಯಾಗಿ ಲಾರಿ ಹತ್ತಿದೆ. ಉಳಿದ ಅರ್ಧದ ಮೇಲೆ ಈಗಲೂ ನಮ್ಮ ತಾಯಂದಿರು ರಾಗಿ, ಹುರುಳಿ ಒಣಗಿಸುತ್ತಾರೆ. ಮಳೆ ಬಂದರೆ ಅದರ ನೀರು ಕೆರೆಗೇ ಇಳಿಯುತ್ತದೆ. ಆ ಅರ್ಧವಾದರೂ ಉಳಿಯಬೇಕು. ಈ ಸಲ ಮಕ್ಕಳ ಗ್ರಾಮಸಭೆಯಲ್ಲಿ ಇದನ್ನೇ ಕೇಳೋಣ. ಬಂಡೆಯ ವಯಸ್ಸು ಬರೆದ ಒಂದು ಬೋರ್ಡನ್ನು ನಾವೇ ಮಾಡಿ ಅಲ್ಲಿ ಹಾಕೋಣ. ಮೇಷ್ಟ್ರು, ಮೇಡಂ ಕೂಡ ನಮ್ಮ ಜೊತೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.

– ಏಳನೇ ತರಗತಿ ವಿದ್ಯಾರ್ಥಿನಿ