ಆಹಾರದಂಗಡಿಯಲ್ಲಿ ಸಾಕುಪ್ರಾಣಿ: ಕರುಣೆಗೂ ಶುಚಿತ್ವಕ್ಕೂ ವೈರವಿಲ್ಲ

ಆಹಾರ ಪದಾರ್ಥಗಳನ್ನು ಮಾರುವ ಅಂಗಡಿಯೊಳಗೆ ಸಾಕುಪ್ರಾಣಿಗಳಿಗೆ ಪ್ರವೇಶವಿರಬೇಕೇ? ಮೇಲ್ನೋಟಕ್ಕೆ ಇದು ಮಹಾನಗರಗಳ ಸಿರಿವಂತರು ಬಿಡುವಿನ ವೇಳೆಯಲ್ಲಿ ಚರ್ಚಿಸುವ ವಿಷಯವೆಂದು ತೋರಬಹುದು. ಬೆಂಗಳೂರಿನಂಥ ನಗರಗಳಲ್ಲಿ ನಾಯಿಯನ್ನು ಜೊತೆಗೆ ಕರೆತರಲು ಅವಕಾಶವಿರುವ ಕೆಫೆಗಳು ತೆರೆದಿವೆ. ಸಾಕುಪ್ರಾಣಿಯೂ ಕುಟುಂಬದ ಸದಸ್ಯನೇ, ಅದನ್ನು ಹೊರಗೆ ನಿಲ್ಲಿಸುವುದು ಅಮಾನವೀಯ ಎಂಬ ವಾದ ಕೇಳಿಬರುತ್ತಿದೆ. ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರು ಒಮ್ಮೆ ತಮ್ಮದೇ ಪಟ್ಟಣದ ಪೇಟೆಬೀದಿಯತ್ತ ಕಣ್ಣು ಹಾಯಿಸಲಿ. ದಿನಸಿ ಅಂಗಡಿಯ ಅಕ್ಕಿಮೂಟೆಯ ಮೇಲೆ ಬೆಕ್ಕು ಮಲಗಿರುತ್ತದೆ. ಮಾಂಸದಂಗಡಿಯ ಮೆಟ್ಟಿಲ ಬಳಿ ನಾಲ್ಕಾರು ನಾಯಿಗಳು ತುಂಡು ಬೀಳುವುದನ್ನೇ ಕಾಯುತ್ತಿರುತ್ತವೆ. ಹೊಟೇಲಿನ ಹಿಂಬಾಗಿಲಲ್ಲಿ ಎಂಜಲ ಬಕೆಟಿನ ಸುತ್ತ ನಾಯಿ, ಬೆಕ್ಕು, ಕಾಗೆಗಳ ಸಂತೆಯೇ ನೆರೆದಿರುತ್ತದೆ. ಇದನ್ನು ನಾವು 'ಸಾಕುಪ್ರಾಣಿಗಳಿಗೆ ಪ್ರವೇಶ' ಎಂದು ಕರೆಯುವುದಿಲ್ಲ, ಅಷ್ಟೇ. ಮಹಾನಗರದ ಕೆಫೆಯಲ್ಲಿ ಹಣ ತೆತ್ತು ಪಡೆಯುವ ಅವಕಾಶವನ್ನು ನಮ್ಮ ಪೇಟೆಯಲ್ಲಿ ಅಲಕ್ಷ್ಯವೇ ಉಚಿತವಾಗಿ ಒದಗಿಸಿದೆ!

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ಹೊರಡಿಸಲಾದ ಪರವಾನಿಗೆ ನಿಯಮಾವಳಿಯ ನಾಲ್ಕನೇ ಅನುಸೂಚಿಯು, ಪ್ರಾಣಿ, ಪಕ್ಷಿ ಹಾಗೂ ಸಾಕುಪ್ರಾಣಿಗಳನ್ನು ಆಹಾರೋದ್ಯಮದ ಆವರಣದೊಳಗೆ ಬಿಡಕೂಡದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಅಶುಚಿಯಾದ ಸ್ಥಿತಿಯಲ್ಲಿ ಆಹಾರ ತಯಾರಿಸಿದರೆ ಅದೇ ಕಾಯ್ದೆಯ 56ನೇ ಕಲಮಿನಡಿ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಹೊರದೇಶಗಳ ಕಾನೂನುಗಳ ಆಶಯವೂ ಬಹುಮಟ್ಟಿಗೆ ಇದೇ ಆಗಿದೆ. ಯುರೋಪಿಯನ್ ಒಕ್ಕೂಟದ 2004ರ ಆಹಾರ ನೈರ್ಮಲ್ಯ ನಿಯಮವು, ಆಹಾರವನ್ನು ತಯಾರಿಸುವ, ನಿರ್ವಹಿಸುವ ಮತ್ತು ದಾಸ್ತಾನಿಡುವ ಜಾಗಗಳಿಗೆ ಸಾಕುಪ್ರಾಣಿಗಳು ಬಾರದಂತೆ ತಡೆಯುವ ಹೊಣೆಯನ್ನು ವ್ಯಾಪಾರಿಯ ಮೇಲೆ ಹೊರಿಸಿದೆ. ಪ್ರಾಣಿಪ್ರೀತಿಗೆ ಹೆಸರಾದ ದೇಶಗಳೇ ಅಡುಗೆಮನೆಯ ಹೊಸ್ತಿಲಲ್ಲಿ ಗೆರೆ ಎಳೆದಿವೆಯೆಂದರೆ ಅದಕ್ಕೆ ಪ್ರಾಣಿದ್ವೇಷ ಕಾರಣವಾಗಿರಲು ಸಾಧ್ಯವೇ?

ಕಾರಣ ಆರೋಗ್ಯದ್ದು. ಬೆಕ್ಕಿನ ಮಲದ ಮೂಲಕ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹೊರಬರುತ್ತದೆ. ಸಾಮಾನ್ಯ ಆರೋಗ್ಯವುಳ್ಳವರಿಗೆ ಅದರಿಂದ ಹೆಚ್ಚಿನ ತೊಂದರೆಯಾಗದಿದ್ದರೂ ಗರ್ಭಿಣಿಗೆ ಹೊಸದಾಗಿ ಸೋಂಕು ತಗಲಿದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು ಹಾಗೂ ಮಿದುಳಿಗೆ ಅಪಾಯವುಂಟು. ಆರೋಗ್ಯವಾಗಿ ಕಾಣುವ ನಾಯಿ ಬೆಕ್ಕುಗಳ ಕರುಳಿನಲ್ಲಿಯೂ ಸಾಲ್ಮೊನೆಲ್ಲಾದಂಥ ರೋಗಾಣುಗಳಿರಬಹುದು. ಬೇಯಿಸಿ ತಿನ್ನುವ ಅಕ್ಕಿ, ಬೇಳೆಗಳ ಮಾತು ಹಾಗಿರಲಿ, ಬೇಯಿಸದೆಯೇ ತಿನ್ನುವ ಖರ್ಜೂರ, ಬ್ರೆಡ್ಡು, ಮಿಠಾಯಿ, ಹಣ್ಣುಗಳ ಗತಿಯೇನು? ಬೇಕರಿಯ ಗಾಜಿನ ಪೆಟ್ಟಿಗೆಯ ಮೇಲೆ ನಡೆದಾಡುವ ಬೆಕ್ಕಿನ ಕಾಲು ಸ್ವಲ್ಪ ಹೊತ್ತಿಗೆ ಮುಂಚೆ ಎಲ್ಲಿತ್ತೆಂದು ಅಂಗಡಿಯವನಿಗೂ ಗೊತ್ತಿಲ್ಲ, ಗಿರಾಕಿಗೂ ಗೊತ್ತಿಲ್ಲ.

ಮಾಂಸದಂಗಡಿಯ ವಿಷಯ ಇನ್ನೂ ಗಂಭೀರವಾದುದು. ಕುರಿ, ಆಡುಗಳ ಪಿತ್ತಜನಕಾಂಗ ಮತ್ತು ಶ್ವಾಸಕೋಶಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಕಾಣಿಸುತ್ತವೆ. ಇವು ಒಂದು ಬಗೆಯ ಲಾಡಿಹುಳುವಿನ ಮರಿಗಳು ಬೆಳೆಯುವ ಚೀಲಗಳು. ಕಟುಕನು ಅಂಥ ಭಾಗವನ್ನು ಕತ್ತರಿಸಿ ಬಾಗಿಲಲ್ಲಿ ಕಾದಿರುವ ನಾಯಿಗೆ ಎಸೆಯುತ್ತಾನೆ. ಪಾಪ, ಮೂಕಪ್ರಾಣಿ ತಿನ್ನಲಿ ಎಂಬುದು ಅವನ ಭಾವನೆ. ಆದರೆ ನಾಯಿಯ ಕರುಳಿನಲ್ಲಿ ಆ ಹುಳು ಬೆಳೆದು ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಮಲದೊಂದಿಗೆ ಹೊರಬಂದು ಮಣ್ಣು, ನೀರು, ಸೊಪ್ಪು-ತರಕಾರಿಗಳನ್ನು ಸೇರುತ್ತವೆ, ನಾಯಿಯ ಕೂದಲಿಗೂ ಅಂಟಿಕೊಳ್ಳುತ್ತವೆ. ಅದನ್ನು ಮುಟ್ಟಿದ ಕೈಯಿಂದಲೋ ತೊಳೆಯದ ತರಕಾರಿಯಿಂದಲೋ ಮನುಷ್ಯನ ಹೊಟ್ಟೆ ಸೇರಿದರೆ ಅವನ ಪಿತ್ತಜನಕಾಂಗದಲ್ಲಿ, ಶ್ವಾಸಕೋಶದಲ್ಲಿ ಅದೇ ಗುಳ್ಳೆಗಳು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತವೆ. ವೈದ್ಯರು ಇದನ್ನು ಹೈಡಾಟಿಡ್ ರೋಗವೆನ್ನುತ್ತಾರೆ. ಎಷ್ಟೋ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಯೇ ಅನಿವಾರ್ಯವಾಗುತ್ತದೆ. ಕುರಿಯಿಂದ ನಾಯಿಗೆ, ನಾಯಿಯಿಂದ ಕುರಿಗೂ ಮನುಷ್ಯನಿಗೂ ಸಾಗುವ ಈ ಸರಪಳಿಯನ್ನು ತುಂಡರಿಸಬಲ್ಲ ಒಂದು ಮುಖ್ಯ ಜಾಗ: ಕಟುಕನ ಕೈ. ಆ ಕೈ ತ್ಯಾಜ್ಯವನ್ನು ನಾಯಿಯತ್ತ ಎಸೆಯದೆ ಮುಚ್ಚಳವಿರುವ ಡಬ್ಬಕ್ಕೆ ಹಾಕಿದರೆ ಸಾಕು. ಬಕ್ರೀದ್‌ನ ದಿನಗಳಲ್ಲಿ ಮನೆಮನೆಯಲ್ಲೂ ಈ ಎಚ್ಚರ ಇರಬೇಕಾದುದು ಅಗತ್ಯ.

ದಿನಸಿ ವ್ಯಾಪಾರಿಗಳದ್ದೂ ಒಂದು ವಾದವಿದೆ. ಬೆಕ್ಕನ್ನು ನಾವು ಮುದ್ದಿಗಾಗಿ ಸಾಕಿದ್ದಲ್ಲ, ಇಲಿಗಳ ಕಾಟಕ್ಕಾಗಿ ಸಾಕಿದ್ದು ಎನ್ನುತ್ತಾರೆ. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಇಲಿ ಧಾನ್ಯವನ್ನು ತಿನ್ನುವುದಷ್ಟೇ ಅಲ್ಲ, ಅದರ ಮೂತ್ರದಿಂದ ಇಲಿಜ್ವರವೂ ಹರಡುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಆ ಜ್ವರದ ಭಯ ಎಲ್ಲರಿಗೂ ತಿಳಿದದ್ದೇ. ಆದರೆ ಒಂದು ಕೊಳಕನ್ನು ತಡೆಯಲು ಇನ್ನೊಂದನ್ನು ಕರೆತರುವುದು ಪರಿಹಾರವಾಗಲಾರದು. ಗೋಡೆಯ ಬಿಲಗಳನ್ನು ಸಿಮೆಂಟಿನಿಂದ ಮುಚ್ಚುವುದು, ಚರಂಡಿಯ ಬಾಯಿಗೆ ಜಾಲರಿ ಹಾಕುವುದು, ಮೂಟೆಗಳನ್ನು ನೆಲದಿಂದ ಎತ್ತರದ ಹಲಗೆಯ ಮೇಲೆ ಗೋಡೆಗೆ ತಾಗದಂತೆ ಇಡುವುದು, ಬಿಡಿಯಾಗಿ ಮಾರುವ ಪದಾರ್ಥಗಳಿಗೆ ಮುಚ್ಚಳವಿರುವ ಡಬ್ಬ ಬಳಸುವುದು, ರಾತ್ರಿ ಬೋನು ಇಡುವುದು, ಇವೇನೂ ಕೈಗೆಟುಕದ ವೆಚ್ಚದ ಕೆಲಸಗಳಲ್ಲ. ಬೆಕ್ಕು ಒಂದು ಇಲಿಯನ್ನು ಹಿಡಿದೀತು. ಮುಚ್ಚಿದ ಬಿಲವು ನೂರು ಇಲಿಗಳನ್ನು ತಡೆಯುತ್ತದೆ.

ಇನ್ನು, ಸಾಕುಪ್ರಾಣಿಗಳಿಗೆ ಪ್ರವೇಶ ಬೇಕೆನ್ನುವವರ ಮಾತನ್ನೂ ನ್ಯಾಯವಾಗಿ ಆಲಿಸಬೇಕು. ಮಕ್ಕಳೆಲ್ಲ ದೂರದೇಶ ಸೇರಿದ ಮೇಲೆ ಒಂಟಿಯಾಗಿ ಬದುಕುವ ವೃದ್ಧರಿಗೆ ನಾಯಿಯೋ ಬೆಕ್ಕೋ ಏಕೈಕ ಸಂಗಾತಿಯಾಗಿರುವುದುಂಟು. ಅದನ್ನು ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟುಹೋಗುವುದು ಕ್ರೌರ್ಯವೇ ಸರಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2014ರಲ್ಲಿ ಕಾನೂನು ಮಾಡಿ, ಹೊಟೇಲುಗಳ ಹೊರಾಂಗಣದಲ್ಲಿ ಮಾತ್ರ ಷರತ್ತುಗಳೊಂದಿಗೆ ಸಾಕುನಾಯಿಗಳಿಗೆ ಅವಕಾಶ ನೀಡಿತು. ಅಲ್ಲಿನ ಕೇಂದ್ರ ಆಹಾರ ಇಲಾಖೆಯ 2022ರ ಮಾದರಿ ಸಂಹಿತೆಯೂ ಹೊರಾಂಗಣದ ಮಟ್ಟಿಗೆ ದಾರಿ ತೆರೆಯಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅವರು ಮೊದಲು ಕಾನೂನನ್ನು ಬದಲಿಸಿದರು, ಆ ಬಳಿಕ ಬಾಗಿಲು ತೆರೆದರು. ನಮ್ಮಲ್ಲಿ ಆಗುತ್ತಿರುವುದು ತದ್ವಿರುದ್ಧ. ಕಾನೂನು ಕಡತದಲ್ಲಿ ಹಾಗೆಯೇ ಇದೆ. ಹಣವಂತನ ನಾಯಿ ಮಾತ್ರ ಒಳಗೆ ಬರುತ್ತಿದೆ. ನಿಯಮ ಸಡಿಲವಾಗಬೇಕೆಂದಿದ್ದರೆ ಅದು ಬಹಿರಂಗ ಚರ್ಚೆಯ ಮೂಲಕ ಆಗಲಿ. ಅಡುಗೆಮನೆಗೂ ಒಳಾಂಗಣಕ್ಕೂ ಸಂಬಂಧವಿರದ ಹೊರಾಂಗಣ, ಬಾಗಿಲಲ್ಲೇ ಸ್ಪಷ್ಟ ಫಲಕ, ಬೇಡವೆನ್ನುವ ಗಿರಾಕಿಗೆ ಬೇರೆ ಜಾಗ, ಇಷ್ಟಿದ್ದರೆ ನಮ್ಮ ಆಕ್ಷೇಪವೇನೂ ಇಲ್ಲ. ಆದರೆ ತೆರೆದಿಟ್ಟ ಆಹಾರವನ್ನು ತೂಗಿ ಮಾರುವ ಅಂಗಡಿಯೊಳಗೆ ಯಾವ ಕಾರಣಕ್ಕೂ ಪ್ರವೇಶ ಕೂಡದು ಎಂಬುದು ನಮ್ಮ ಸ್ಪಷ್ಟ ನಿಲುವು.

ಇದಕ್ಕೆ ಒಂದು ಅಪವಾದವಿದೆ. ಅಂಧನನ್ನು ಕೈಹಿಡಿದು ನಡೆಸುವ ತರಬೇತಿ ಪಡೆದ ನಾಯಿ ಸಾಕುಪ್ರಾಣಿಯಲ್ಲ. ಅದು ಅವನ ಕಣ್ಣು. ಅದನ್ನು ಬಾಗಿಲಲ್ಲಿ ತಡೆಯುವುದೆಂದರೆ ಅವನನ್ನೇ ತಡೆದಂತೆ. ಅಮೆರಿಕದ 1990ರ ಅಂಗವಿಕಲರ ಕಾನೂನು ಮತ್ತು ಬ್ರಿಟನ್ನಿನ 2010ರ ಸಮಾನತಾ ಕಾನೂನು ಇಂಥ ನಾಯಿಗಳ ಒಡೆಯರನ್ನು ಅಂಗಡಿ, ಹೊಟೇಲುಗಳಿಂದ ಹೊರಗಿಡುವುದಕ್ಕೆ ತಡೆಯೊಡ್ಡಿವೆ. ಈ ವಿಷಯದಲ್ಲಿ ಮುಸ್ಲಿಮರು ಹಿಂದೆ ಬಿದ್ದಿಲ್ಲ ಎಂಬುದಕ್ಕೆ ಒಂದು ನಿದರ್ಶನವಿದೆ. ಇಂಗ್ಲೆಂಡಿನ ಲೆಸ್ಟರ್ ನಗರದ ಮಸೀದಿಯೊಂದು 2008ರಲ್ಲಿ, ವಿದ್ವಾಂಸರ ಮಂಡಳಿಯ ಫತ್ವಾದ ಆಧಾರದಲ್ಲಿ, ಅಂಧ ವಿದ್ಯಾರ್ಥಿಯೊಬ್ಬ ನಮಾಝ್ ನಿರ್ವಹಿಸುವಾಗ ಅವನ ಮಾರ್ಗದರ್ಶಿ ನಾಯಿಯು ವಿಶ್ರಮಿಸಲು ಮಸೀದಿಯ ಆವರಣದಲ್ಲೇ ಪ್ರತ್ಯೇಕ ಜಾಗ ಒದಗಿಸಿತು. ಪ್ರಾರ್ಥನಾ ಸ್ಥಳದ ಶುದ್ಧಿಯೂ ಉಳಿಯಿತು, ಅಂಧನ ಹಕ್ಕೂ ಉಳಿಯಿತು. ನಮ್ಮ ದೇಶದಲ್ಲಿ ಇಂಥ ನಾಯಿಗಳು ಬಹಳ ವಿರಳ. ಆದರೆ ನಾಳೆ ಅಂಥ ಒಬ್ಬ ಗಿರಾಕಿ ನಮ್ಮ ಅಂಗಡಿಯ ಮುಂದೆ ನಿಂತರೆ ಏನು ಮಾಡಬೇಕೆಂಬುದು ನಮಗೆ ಇಂದೇ ತಿಳಿದಿರಬೇಕು.

ಇಸ್ಲಾಮ್ ಈ ವಿಷಯದಲ್ಲಿ ಶುಚಿತ್ವವನ್ನೂ ಕರುಣೆಯನ್ನೂ ಜೊತೆಜೊತೆಯಾಗಿಯೇ ಕಲಿಸಿದೆ. ನಾಯಿ ನೆಕ್ಕಿದ ಪಾತ್ರೆಯನ್ನು ಏಳು ಬಾರಿ ತೊಳೆಯಬೇಕೆಂದ ಪ್ರವಾದಿಯವರೇ(ಸ) ಬಾಯಾರಿದ ನಾಯಿಗೆ ನೀರುಣಿಸಿದವನ ಪಾಪ ಕ್ಷಮಿಸಲ್ಪಟ್ಟಿತೆಂದೂ, ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಕೊಂದ ಸ್ತ್ರೀಯು ಶಿಕ್ಷೆಗೊಳಗಾದಳೆಂದೂ ತಿಳಿಸಿದ್ದಾರೆ. ಬೆಕ್ಕು ಮನೆಯೊಳಗೆ ಸುತ್ತಾಡುವ ಜೀವಿಯೆಂದೂ ಅದು ಅಶುದ್ಧವಲ್ಲವೆಂದೂ ಹದೀಸ್‌ಗಳಲ್ಲಿದೆ. ಇದನ್ನೇ ಹಿಡಿದು ಬೆಕ್ಕು ಅಂಗಡಿಯಲ್ಲಿದ್ದರೆ ತಪ್ಪೇನು ಎಂದು ವಾದಿಸುವವರಿದ್ದಾರೆ. ಧಾರ್ಮಿಕ ಶುದ್ಧಿಯ ವಿಧಿ ಬೇರೆ, ನೂರಾರು ಮಂದಿಗೆ ಆಹಾರ ಮಾರುವವನ ಹೊಣೆಗಾರಿಕೆ ಬೇರೆ. ಮನೆಯ ಬೆಕ್ಕಿನಿಂದ ಬರಬಹುದಾದ ತೊಂದರೆಯನ್ನು ಮನೆಯವರು ತಿಳಿದೇ ಒಪ್ಪಿಕೊಂಡಿರುತ್ತಾರೆ. ಅಂಗಡಿಯ ಗಿರಾಕಿ ಅಂಥ ಯಾವ ಒಪ್ಪಿಗೆಯನ್ನೂ ಕೊಟ್ಟಿಲ್ಲ. ಹಾಗೆಯೇ, ಅಂಗಡಿಯೊಳಗೆ ನಾಯಿ ಬೇಡವೆಂದು ನಾವು ಸಾರ್ವಜನಿಕವಾಗಿ ಹೇಳುವಾಗ ನಮ್ಮ ಫಿಕ್‌ಹ್ ಅನ್ನು ಮುಂದಿಡಬೇಕಾಗಿಲ್ಲ. ಅದು ನಮ್ಮ ಮೇಲೆ ಮಾತ್ರ ಬಾಧ್ಯವಾದುದು. ಹಿಂದೂ ನೆರೆಯವನಿಗೂ ಕ್ರೈಸ್ತ ನೆರೆಯವನಿಗೂ ಅಷ್ಟೇ ಅನ್ವಯಿಸುವ ಆರೋಗ್ಯದ ಕಾರಣ ಹಾಗೂ ದೇಶದ ಕಾನೂನು ನಮ್ಮ ವಾದಕ್ಕೆ ಸಾಲದೇ?

ಈ ಚರ್ಚೆಗೆ ಒಂದು ರಾಜಕೀಯ ಮುಖವೂ ಇದೆ. ಮಾಂಸ ಮಾರಾಟ, ಹೊಟೇಲು, ಬೇಕರಿ ವ್ಯಾಪಾರಗಳಲ್ಲಿ ನಮ್ಮ ಸಮುದಾಯದ ಸಾವಿರಾರು ಕುಟುಂಬಗಳ ಅನ್ನವಿದೆ. ಶುಚಿತ್ವ, ಪರವಾನಿಗೆಗಳ ಹೆಸರು ಈ ವ್ಯಾಪಾರಗಳ ಮೇಲೆ ಹೇಗೆ ಪ್ರಯೋಗವಾಗಬಲ್ಲದು ಎಂಬುದನ್ನು ನಾವು ನೋಡಿದ್ದೇವೆ. 2017ರಲ್ಲಿ ಉತ್ತರ ಪ್ರದೇಶದಲ್ಲಿ ಪರವಾನಿಗೆಯ ನೆಪದಲ್ಲಿ ಮಾಂಸದಂಗಡಿಗಳ ಬಾಗಿಲು ಮುಚ್ಚಿಸಿದಾಗ, ಸರಕಾರದ ನಿಷ್ಕ್ರಿಯತೆಯೇ ನಿಷೇಧಕ್ಕೆ ಗುರಾಣಿಯಾಗಕೂಡದೆಂದು ಅಲಹಾಬಾದ್ ಹೈಕೋರ್ಟೇ ಹೇಳಬೇಕಾಯಿತು. 2024ರಲ್ಲಿ ಕಾವಡ್ ಯಾತ್ರೆಯ ದಾರಿಯ ತಿನಿಸಿನ ಅಂಗಡಿಗಳು ಮಾಲಕರ ಹೆಸರು ಪ್ರದರ್ಶಿಸಬೇಕೆಂಬ ಆದೇಶ ಹೊರಟಿತು. ಜುಲೈ 22ರಂದು ಸುಪ್ರೀಮ್ ಕೋರ್ಟ್ ಅದಕ್ಕೆ ತಡೆ ನೀಡಿತು. ಇಂಥ ತಾರತಮ್ಯವನ್ನು ನಾವು ವಿರೋಧಿಸಬೇಕು, ವಿರೋಧಿಸುತ್ತಲೂ ಇದ್ದೇವೆ. ಆದರೆ ತಾರತಮ್ಯದ ದೂರು ನಮ್ಮ ಕೊಳಕಿಗೆ ಪರದೆಯಾಗಬಾರದು. ಕಟ್ಟೆಯ ಕೆಳಗೆ ನಾಯಿ ಮಲಗಿರುವ ಮಾಂಸದಂಗಡಿಯು ದ್ವೇಷ ಕಾರುವವನ ಕೈಗೆ ನಾವೇ ಕೊಡುವ ಕೋಲು. ಅದಕ್ಕಿಂತಲೂ ಮಿಗಿಲಾಗಿ, ಅಂಥ ಅಂಗಡಿಯಿಂದ ಮೊದಲು ರೋಗ ತಗಲುವುದು ವಿರೋಧಿಗಲ್ಲ, ಅಲ್ಲಿ ದಿನವೂ ಮಾಂಸ ಕೊಳ್ಳುವ ನಮ್ಮದೇ ಮನೆಯವರಿಗೆ!

ಸ್ಥಳೀಯಾಡಳಿತವೂ ಇದರಿಂದ ನುಣುಚಿಕೊಳ್ಳುವಂತಿಲ್ಲ. ಬೀದಿನಾಯಿಗಳ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶವು, ಬೀದಿಯಲ್ಲಿ ಕಂಡಕಂಡಲ್ಲಿ ನಾಯಿಗಳಿಗೆ ಆಹಾರ ಹಾಕುವುದನ್ನು ತಡೆದು, ಅದಕ್ಕೆಂದೇ ಪ್ರತ್ಯೇಕ ಜಾಗಗಳನ್ನು ಗುರುತಿಸುವಂತೆ ಹೇಳಿತು. ನಾಯಿ ಅಂಗಡಿಯ ಬಾಗಿಲಿಗೆ ಬರುವುದು ಅಲ್ಲಿ ಎಂಜಲೂ ಎಲುಬೂ ಸಿಗುವುದರಿಂದ. ಪುರಸಭೆಯು ತ್ಯಾಜ್ಯವನ್ನು ಹೊತ್ತು ಮೀರದೆ ಒಯ್ದರೆ, ಸುಸಜ್ಜಿತ ಕಸಾಯಿಖಾನೆಯನ್ನು ಒದಗಿಸಿದರೆ, ನಾಯಿಗಳ ಸಂತಾನಹರಣ ಹಾಗೂ ಲಸಿಕೆಯ ಕೆಲಸವನ್ನು ಕಾಗದದಿಂದಾಚೆಗೂ ನಡೆಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಅದು ಬಿಟ್ಟು ತಳ್ಳುಗಾಡಿಯ ಬಡವನಿಗೆ ದಂಡ ಹಾಕಿ, ನಾಯಿಗಳಿಗೆ ಮೇಜು ಹಾಸಿ ಬಡಿಸುವ ದೊಡ್ಡ ಹೊಟೇಲಿನತ್ತ ಕಣ್ಣುಮುಚ್ಚಿದರೆ ಅದು ಆಹಾರ ಸುರಕ್ಷತೆಯಾಗದು.

ಕೆಲಸ ನಮ್ಮಿಂದಲೇ ಆರಂಭವಾಗಲಿ. ಮಸೀದಿ ಕಮಿಟಿಗಳು, ಯುವಕ ಸಂಘಗಳು ಜಮಾಅತ್‌ನ ಮಾಂಸ, ಬೇಕರಿ, ದಿನಸಿ ವ್ಯಾಪಾರಿಗಳನ್ನು ಒಂದು ಸಂಜೆ ಸೇರಿಸಿ, ಪಶುವೈದ್ಯರೊಬ್ಬರನ್ನೂ ಆಹಾರ ಸುರಕ್ಷತಾಧಿಕಾರಿಯನ್ನೂ ಕರೆಸಿ ಮಾತಾಡಿಸಲಿ. ಜುಮಾ ಖುತ್ಬಾದಲ್ಲಿ ವುಝೂವಿನ ಶುದ್ಧಿಯ ಜೊತೆಗೆ ಅಂಗಡಿಯ ಶುದ್ಧಿಯೂ ಪ್ರಸ್ತಾಪವಾಗಲಿ. ಮನೆಯ ಹೆಂಗಸರು ಈ ವಿಷಯದಲ್ಲಿ ಎಲ್ಲರಿಗಿಂತ ಬಲಶಾಲಿಗಳು. ಬೆಕ್ಕು ಮಲಗಿದ ಮೂಟೆಯ ಅಕ್ಕಿ ಬೇಡವೆಂದು ಓಣಿಯ ಹತ್ತು ಮನೆಗಳವರು ಹೇಳಿದರೆ ಮರುದಿನವೇ ಅಂಗಡಿಯ ಚಿತ್ರ ಬದಲಾಗುತ್ತದೆ. ಹೊರಹಾಕಿದ ಬೆಕ್ಕನ್ನು ಕಲ್ಲೆಸೆದು ಓಡಿಸಬೇಕಾಗಿಲ್ಲ. ಅಂಗಡಿಯಿಂದ ದೂರದಲ್ಲಿ ಒಂದು ಬಟ್ಟಲು ನೀರು, ಒಂದು ಹಿಡಿ ಅನ್ನ ಇಡಲು ಯಾವ ಕಾನೂನೂ ಅಡ್ಡಿಯಾಗಿಲ್ಲ. ಮೂಕಜೀವಿಯ ಹಸಿವಿಗೂ ಗಿರಾಕಿಯ ಆರೋಗ್ಯಕ್ಕೂ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವನು ವ್ಯಾಪಾರಿಯೇ. ಎರಡಕ್ಕೂ ಉತ್ತರ ಸಿದ್ಧವಿಟ್ಟುಕೊಳ್ಳುವುದು ಕಷ್ಟದ ಕೆಲಸವೇನಲ್ಲ.