ವಾರಕ್ಕೊಂದು ದಿನ ಗೇಟು ತೆಗೆಯಿರಿ

ಮಳೆಗಾಲದ ಭಾನುವಾರ ಡೊಂಬಿವಲಿಯಿಂದ ಹೊರಟು, ಥಾಣೆಯಲ್ಲಿ ಗಾಡಿ ಬದಲಿಸಿ, ಪನ್ವೇಲ್ ಲೋಕಲ್ ಹಿಡಿದು ಖಾರ್ಘರ್‌ನಲ್ಲಿ ಇಳಿಯುವ ಕುಟುಂಬಗಳಿಗೆ ಇರುವುದು ಒಂದೇ ಆಸೆ: ಪಾಂಡವಕಡಾ ಜಲಪಾತ ನೋಡಬೇಕು. ಬೆಟ್ಟದ ಬುಡ ತಲುಪುವ ಮೊದಲೇ ಪೊಲೀಸರು ತಡೆದು ವಾಪಸು ಕಳಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಅಲ್ಲಿಯ ಹಳ್ಳ ನೋಡನೋಡುತ್ತಿದ್ದಂತೆ ಉಕ್ಕುತ್ತದೆ, ಜೀವಗಳು ಹೋಗಿವೆ. ಆದರೆ ಅಲ್ಲೇ ಪಕ್ಕದ ಬೇಲಿಯೊಳಗೆ, ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ, ಗಾಲ್ಫ್ ಆಡುವವರು ಅದೇ ಬೆಟ್ಟವನ್ನೂ ಅದೇ ನೀರನ್ನೂ ಯಾವ ಅಪಾಯವೂ ಇಲ್ಲದೆ ದೂರದಿಂದ ಕಣ್ತುಂಬ ನೋಡುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುವುದು ಇದಕ್ಕೇ.

ಬೇಲಿಯೊಳಗಿನದು ಯಾವ ಶ್ರೀಮಂತನ ತೋಟವೂ ಅಲ್ಲ. ಖಾರ್ಘರ್ ವ್ಯಾಲಿ ಗಾಲ್ಫ್ ಕೋರ್ಸ್ ಕಟ್ಟಿದ್ದು ಮಹಾರಾಷ್ಟ್ರ ಸರಕಾರದ್ದೇ ನಿಗಮವಾದ ಸಿಡ್ಕೊ. 2012ರಲ್ಲಿ ಅದು ಆಟಕ್ಕೆ ತೆರೆದಾಗ ಇದ್ದದ್ದು ವಾಡಿಕೆಯ 18 ಕುಳಿಗಳಲ್ಲ, 11. ಸದಸ್ಯರಲ್ಲದವರೂ ಹಣ ಕಟ್ಟಿ ಆಡಬಹುದು. ಆದ್ದರಿಂದ ಅದು 'ಸಾರ್ವಜನಿಕ' ಗಾಲ್ಫ್ ಕೋರ್ಸ್. ಮುಂಬಯಿಯ ಕಡೆ ಈ ಪದಕ್ಕೆ ದೊಡ್ಡ ಇತಿಹಾಸವಿದೆ. ಸಾರ್ವಜನಿಕ ಗಣೇಶೋತ್ಸವ ಅಂದಾಗ ಮಂಟಪದ ಬಾಗಿಲಲ್ಲಿ ಯಾರೂ ಟಿಕೆಟ್ ಕೇಳುವುದಿಲ್ಲ. ಹಣ ಕೊಟ್ಟವರಿಗೆಲ್ಲ ಪ್ರವೇಶ ಎಂಬುದೇ ಸಾರ್ವಜನಿಕತೆಯಾದರೆ ಪಂಚತಾರಾ ಹೋಟೆಲೂ ಸಾರ್ವಜನಿಕವೇ.

ಆಟದ ಮೇಲೆ ಜಗಳವಿಲ್ಲ. ಬೆಟ್ಟದ ಬುಡದ ಗಾಲ್ಫ್ ನಿಜಕ್ಕೂ ಕಷ್ಟದ ಆಟ. ಸುತ್ತ ಗುಡ್ಡಗಳಿದ್ದರೆ ಕಣ್ಣು ಮೋಸ ಹೋಗುತ್ತದೆ: ಸಮತಟ್ಟೆಂದು ಕಂಡ ಹುಲ್ಲಿನ ಮೇಲೆ ಮೆಲ್ಲಗೆ ತಳ್ಳಿದ ಚೆಂಡು ಕುಳಿಯ ಪಕ್ಕದಲ್ಲೇ ಹಾದು ಇಳಿಜಾರಿನತ್ತ ಉರುಳುತ್ತದೆ. ಕಣಿವೆಯ ಗಾಳಿ ಎತ್ತರಕ್ಕೆ ಹಾರಿದ ಚೆಂಡಿನ ದಾರಿ ತಪ್ಪಿಸುತ್ತದೆ. ಎಡಕ್ಕೆ ನೀರು, ಬಲಕ್ಕೆ ಮರಳುಗುಂಡಿ ಇರುವಲ್ಲಿ ಯಾವ ಕೋಲು ಹಿಡಿಯಬೇಕು, ಎಷ್ಟು ಜೋರಾಗಿ ಹೊಡೆಯಬೇಕು ಎಂಬ ಲೆಕ್ಕವೇ ಆಟದ ಸುಖ. ಆದರೆ ಈ ಸೊಬಗು, ಈ ಸವಾಲು ಎರಡನ್ನೂ ಕೊಟ್ಟವರು ಯಾರು? ಬೆಟ್ಟ ಸಿಡ್ಕೊ ಎಬ್ಬಿಸಿದ್ದಲ್ಲ. ಇಳಿಜಾರು, ಗಾಳಿ, ಹಳ್ಳ ಯಾವುದಕ್ಕೂ ಟೆಂಡರ್ ಕರೆದಿರಲಿಲ್ಲ. ನಿಗಮ ಸೇರಿಸಿದ್ದು ಹುಲ್ಲು, ಬೇಲಿ, ಶುಲ್ಕ.

ನವಿಮುಂಬಯಿಯ ನೆಲಕ್ಕೂ ಒಂದು ಹಿನ್ನೆಲೆ ಇದೆ. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಕೈಗೆ ಹೊಸ ನಗರಕ್ಕಾಗಿ ಬಂದದ್ದು 95 ಹಳ್ಳಿಗಳ ಭೂಮಿ. ಕಳೆದುಕೊಂಡವರಲ್ಲಿ ಹೆಚ್ಚಿನವರು ಆಗ್ರಿ, ಕೋಳಿ ಜನ. 1984ರ ಜನವರಿಯಲ್ಲಿ ಉರಣ್ ಭಾಗದಲ್ಲಿ ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ಎದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಐವರು ಸತ್ತರು. ಭೂಮಿ ಬಿಟ್ಟುಕೊಟ್ಟವರಿಗೆ ಶೇ 12.5ರಷ್ಟು ಅಭಿವೃದ್ಧಿಪಡಿಸಿದ ನೆಲ ಹಿಂದಿರುಗಿಸುವ ಯೋಜನೆ ಬಂದದ್ದು ಆ ಹೋರಾಟದ ಫಲವಾಗಿ. ಇಷ್ಟು ಬೆಲೆ ತೆತ್ತು ಸಾರ್ವಜನಿಕ ಉದ್ದೇಶಕ್ಕೆಂದು ಪಡೆದ ನೆಲ ಇದು. ಆ ಉದ್ದೇಶ ಯಾರದು ಎಂದು ಕೇಳುವ ಹಕ್ಕು ಲೋಕಲ್‌ನಲ್ಲಿ ನಿಂತು ಬಂದವರಿಗೂ ಇದೆ.

ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅದೇ ನಗರದ ಸೀವುಡ್ಸ್ ಸಾಕ್ಷಿ. ಅಲ್ಲಿ ಜೌಗು ನೆಲದ ಮೇಲೆ ಗಾಲ್ಫ್ ಕೋರ್ಸ್ ಮತ್ತು ವಸತಿ ಕಟ್ಟುವ ಯೋಜನೆ ಬಂತು. ಭರತದ ಹೊತ್ತಿಗೆ ಥಾಣೆ ಕೊಲ್ಲಿಯ ಕೆಸರು ಮುಳುಗಿದಾಗ ಫ್ಲೆಮಿಂಗೊಗಳು ಬಂದು ನಿಲ್ಲುವುದು ಆ ಭಾಗದ ಇಂಥ ಜೌಗುಗಳಲ್ಲೇ. ನಿವಾಸಿಗಳು ಕೋರ್ಟಿಗೆ ಹೋದರು. 2018ರ ನವೆಂಬರ್ 1ರಂದು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ರಿಯಾಜ್ ಚಾಗ್ಲಾ ಅವರ ಪೀಠ ಆ ಯೋಜನೆಗಾಗಿ ಮಾಡಿದ್ದ ಭೂಬಳಕೆ ಬದಲಾವಣೆಯನ್ನು ರದ್ದುಪಡಿಸಿತು. ಥಾಣೆಯಲ್ಲಿ ವಕೀಲಿಕೆ ಆರಂಭಿಸಿದ ಓಕಾ ಮರುವರ್ಷ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದದ್ದು ಓದುಗರಿಗೆ ನೆನಪಿರಬಹುದು. ವಿವಾದ ಅಲ್ಲಿಗೆ ಮುಗಿಯದೆ ಸುಪ್ರೀಂ ಕೋರ್ಟಿಗೂ ಹೋಯಿತು. 2022ರಲ್ಲಿ ಥಾಣೆ ಕೊಲ್ಲಿ ರಾಮ್‌ಸರ್ ಪಟ್ಟಿ ಸೇರಿತು.

ಗಾಲ್ಫಿನ ನಿಯಮ ಪುಸ್ತಕ ದಶಕಗಳ ಕಾಲ ಕೆರೆ, ಹಳ್ಳಗಳನ್ನು 'ವಾಟರ್ ಹ್ಯಾಜರ್ಡ್' ಎಂದು ಕರೆಯಿತು, ಅಂದರೆ ನೀರಿನ ಕಂಟಕ. 2019ರಲ್ಲಿ ಹೆಸರು 'ಪೆನಾಲ್ಟಿ ಏರಿಯಾ' ಎಂದು ಬದಲಾಯಿತು, ದಂಡದ ಜಾಗ. ಆಟದಲ್ಲಿ ಅದು ಸರಿಯೇ. ನಗರ ಯೋಜನೆ ಮಾಡುವವರೂ ನೀರನ್ನು ಇದೇ ಕಣ್ಣಿನಿಂದ ನೋಡತೊಡಗಿದರೆ ಜೌಗು ನೆಲ ಅವರಿಗೆ ಖಾಲಿ ಜಾಗವಾಗಿ ಕಾಣುತ್ತದೆ, ಹಕ್ಕಿ ಕಾಣುವುದೇ ಇಲ್ಲ.

ಖಾರ್ಘರ್ ಅಂಗಳವನ್ನು ಅಗೆದು ಹಾಕಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಬೇಡಿಕೆ ಸಣ್ಣದು: ವಾರಕ್ಕೊಂದು ದಿನ, ಭಾನುವಾರ, ಆಟ ನಿಲ್ಲಿಸಿ, ನಡೆಯಲು ಬಂದವರಿಗೆ ಗೇಟು ತೆಗೆಯಿರಿ.

ಇದು ಹುಚ್ಚು ಬೇಡಿಕೆ ಎನ್ನುವವರು ಗಾಲ್ಫಿನ ತವರಿನ ಕಡೆ ನೋಡಲಿ. ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ದೊಡ್ಡ ಪಂದ್ಯಗಳಿದ್ದಾಗ ಬಿಟ್ಟರೆ ಭಾನುವಾರ ಆಟವಿಲ್ಲ. ಊರಿನವರು ಮಕ್ಕಳನ್ನು, ನಾಯಿಗಳನ್ನು ಕರೆದುಕೊಂಡು ಅದೇ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ಜಗತ್ತಿಗೆ 18 ಕುಳಿಗಳ ಲೆಕ್ಕ ಬಂದದ್ದೇ ಅಲ್ಲಿಂದ. 1764ರಲ್ಲಿ ಅಲ್ಲಿಯ 22 ಕುಳಿಗಳ ಸುತ್ತನ್ನು 18ಕ್ಕೆ ಇಳಿಸಿದರು. ಆ ನೆಲ ಇಂದಿಗೂ ಸಾರ್ವಜನಿಕ ಆಸ್ತಿ. ನೋಡಿಕೊಳ್ಳುವುದಕ್ಕೆ 1974ರಲ್ಲಿ ಕಾನೂನಿನ ಮೂಲಕ ಟ್ರಸ್ಟ್ ಮಾಡಿದ್ದಾರೆ. ಹುಲ್ಲು ಹಾಳಾಗಿಲ್ಲ, ಆಟದ ಮಾನ ಹೋಗಿಲ್ಲ. ಬ್ರಿಟಿಷರಿಂದ ನಾವು ಆಟ ಕಲಿತೆವು, ಬೇಲಿ ಹಾಕುವುದನ್ನೂ ಕಲಿತೆವು. ಬೆಂಗಳೂರಿನ ಗಾಲ್ಫ್ ಕ್ಲಬ್ 1876ರದು. ನಗರದ ನಡುವಿನ ಆ ಹಸಿರನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡ ಕನ್ನಡಿಗರು ಎಷ್ಟೋ ಜನ. ಭಾನುವಾರದ ಬಾಗಿಲು ಮಾತ್ರ ನಾವು ಕಲಿಯದೆ ಉಳಿದ ಪಾಠ.

ಪಕ್ಕದಲ್ಲೇ ಸೆಂಟ್ರಲ್ ಪಾರ್ಕ್ ಇದೆಯಲ್ಲ ಎಂಬ ಮಾತು ಬರುತ್ತದೆ. ಇದೆ, ಒಳ್ಳೆಯದೇ. ಆದರೆ ಒಂದು ಉದ್ಯಾನ ಕೊಟ್ಟದ್ದು ಕಣಿವೆಗೆ ಬೀಗ ಹಾಕಲು ರಶೀದಿಯಲ್ಲ. ಭಾನುವಾರವೇ ಹೆಚ್ಚು ಆಟಗಾರರು ಬರುವ ದಿನ, ನಷ್ಟವಾಗುತ್ತದೆ ಎಂಬ ಮಾತೂ ಬರುತ್ತದೆ. ನಷ್ಟ ನಿಜ. ಹಾಗೆಂದು ಬುಧವಾರ ತೆರೆದರೆ ಬರುವವರು ಯಾರು? ಕಲ್ಯಾಣ್, ಡೊಂಬಿವಲಿಯ ಜನರಿಗೆ ಬುಧವಾರ ರಜೆ ಕೊಡುವವರು ಯಾರು? ವರ್ಷಕ್ಕೆ 52 ದಿನ ನಡೆಯುವವರಿಗೆ, 313 ದಿನ ಆಡುವವರಿಗೆ. ಈ ಹಂಚಿಕೆಯಲ್ಲೂ ಸಿಂಹಪಾಲು ಆಟಗಾರರದ್ದೇ.

ಗುರುತು ಹಾಕಿದ ಒಂದು ಕಾಲುದಾರಿ, ಹಳ್ಳದ ಕಡೆ ಗಟ್ಟಿ ತಡೆ, ಜೋರು ಮಳೆ ಬಂದ ದಿನ ರದ್ದು. ಇಷ್ಟು ವ್ಯವಸ್ಥೆ ಮಾಡಲು ಒಂದು ನಗರವನ್ನೇ ಕಟ್ಟಿದ ನಿಗಮಕ್ಕೆ ಕಷ್ಟವಿಲ್ಲ. ಜಲಪಾತ ನೋಡಲು ಬಂದವರನ್ನು ತಡೆಯುವ ಪೊಲೀಸರಿಗೂ ಆಗ ಹೇಳಲು ಒಂದು ಮಾತಿರುತ್ತದೆ: ಈ ಕಡೆ ಬೇಡ, ಆ ಗೇಟಿನಿಂದ ಹೋಗಿ, ಅಲ್ಲಿಂದ ಚೆನ್ನಾಗಿ ಕಾಣುತ್ತದೆ.