ವಿಜಯಾ ಬ್ಯಾಂಕ್ ಕರಗಿದ ಲೆಕ್ಕವನ್ನು ಯಾರೂ ಕೊಟ್ಟಿಲ್ಲ

2018ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಮೂರು ಬ್ಯಾಂಕುಗಳನ್ನು ಒಂದು ಮಾಡುವ ಪ್ರಸ್ತಾಪವನ್ನು ಪ್ರಕಟಿಸಿತು. ಒಂದು ವಡೋದರದ ಬ್ಯಾಂಕ್ ಆಫ್ ಬರೋಡಾ, ಇನ್ನೊಂದು ಮುಂಬೈಯ ದೇನಾ ಬ್ಯಾಂಕ್, ಮತ್ತೊಂದು ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್. ಮರುದಿನ ಷೇರುಪೇಟೆಯಲ್ಲಿ ಬರೋಡಾದ ಷೇರು ಸುಮಾರು ಶೇ. 16ರಷ್ಟು ಕುಸಿಯಿತು. ವಿಜಯಾದ್ದು ಸುಮಾರು ಶೇ. 6ರಷ್ಟು ಇಳಿಯಿತು. ಕೆಟ್ಟ ಸಾಲದಲ್ಲಿ ಮುಳುಗಿದ್ದ, ಹೊಸ ಸಾಲ ಕೊಡಬಾರದೆಂದು ರಿಸರ್ವ್ ಬ್ಯಾಂಕಿನಿಂದ ತಡೆ ಹಾಕಿಸಿಕೊಂಡಿದ್ದ ದೇನಾದ ಷೇರು ಮಾತ್ರ ಹೆಚ್ಚೂಕಡಿಮೆ ಶೇ. 20 ಏರಿತು.

ಪೇಟೆಗೆ ಅರ್ಥವಾದದ್ದು ಇಷ್ಟೇ: ಕಾಯಿಲೆಯವನ ಆಸ್ಪತ್ರೆ ಖರ್ಚನ್ನು ಇನ್ನಿಬ್ಬರ ಗಂಟಿನಿಂದ ಕಟ್ಟಲಾಗುತ್ತಿದೆ. ಆ ಇಬ್ಬರಲ್ಲಿ ಗಂಟು ಇದ್ದದ್ದಾದರೂ ಯಾರ ಬಳಿ? 2017-18ರಲ್ಲಿ ದೇನಾ ಸುಮಾರು 1,900 ಕೋಟಿ ರೂಪಾಯಿ ನಷ್ಟ ಮಾಡಿತ್ತು. ಬರೋಡಾದ ನಷ್ಟ 2,400 ಕೋಟಿ ದಾಟಿತ್ತು. ವಿಜಯಾ 727 ಕೋಟಿ ಲಾಭ ಮಾಡಿತ್ತು. ಆ ವರ್ಷ ಇಡೀ ದೇಶದಲ್ಲಿ ಲಾಭ ತೋರಿಸಿದ ಸರ್ಕಾರಿ ಬ್ಯಾಂಕುಗಳು ಎರಡೇ: ಇಂಡಿಯನ್ ಬ್ಯಾಂಕ್ ಮತ್ತು ವಿಜಯಾ. ಹಾಗೆ ಲಾಭದಲ್ಲಿದ್ದ ಬ್ಯಾಂಕನ್ನೇ 2019ರ ಏಪ್ರಿಲ್ 1ರಂದು ಹೆಸರಿಲ್ಲದಂತೆ ಮಾಡಲಾಯಿತು.

ಇಂಗ್ಲಿಷಿನ ಮರ್ಜರ್ ಎಂಬ ಪದದಲ್ಲಿ ಇಬ್ಬರು ಸಮಾನರು ಕೈಕುಲುಕಿದ ಭಾವವಿದೆ. ಕನ್ನಡ ಪತ್ರಿಕೆಗಳು ಅದಕ್ಕೆ ಬಳಸುವ ‘ವಿಲೀನ’ ಹೆಚ್ಚು ಪ್ರಾಮಾಣಿಕ ಪದ. ಲೀನವಾಗುವುದೆಂದರೆ ಕರಗಿಹೋಗುವುದು. ಉಪ್ಪು ನೀರಿನಲ್ಲಿ ಲೀನವಾದ ಮೇಲೆ ಲೋಟದಲ್ಲಿ ಉಳಿದದ್ದನ್ನು ಯಾರೂ ಉಪ್ಪು ಎನ್ನುವುದಿಲ್ಲ. ಸರ್ಕಾರದ ಯೋಜನೆಯ ಹೆಸರಿನಲ್ಲೂ ಇದು ಸ್ಪಷ್ಟವಾಗಿತ್ತು: ವಿಜಯಾ ಮತ್ತು ದೇನಾ ಬ್ಯಾಂಕುಗಳು ಬರೋಡಾದ ‘ಜೊತೆ’ ವಿಲೀನ. ಕರಗಬೇಕಾದವರು ಯಾರು ಎಂಬ ಬಗ್ಗೆ ಗೊಂದಲವೇ ಇರಲಿಲ್ಲ.

ಕರಗುವವರನ್ನು ಕೇಳುವ ಪದ್ಧತಿಯೂ ಇರಲಿಲ್ಲ. ಖಾಸಗಿ ಕಂಪನಿಗಳು ಒಂದಾಗಬೇಕಾದರೆ ಕಂಪನಿ ಕಾಯ್ದೆಯ ಪ್ರಕಾರ ಮತ ಹಾಕಿದ ಷೇರುದಾರರಲ್ಲಿ ಮೌಲ್ಯದ ಲೆಕ್ಕದಲ್ಲಿ ಮುಕ್ಕಾಲು ಪಾಲಿನವರು ಒಪ್ಪಬೇಕು. ರಾಷ್ಟ್ರೀಕೃತ ಬ್ಯಾಂಕುಗಳ ಕಾಯ್ದೆಗೆ ಆ ತೊಡಕಿಲ್ಲ. ರಿಸರ್ವ್ ಬ್ಯಾಂಕಿನೊಡನೆ ಸಮಾಲೋಚಿಸಿ ಸರ್ಕಾರವೇ ಯೋಜನೆ ರೂಪಿಸಿ ಸಂಸತ್ತಿನ ಮುಂದೆ ಇಟ್ಟರೆ ಮುಗಿಯಿತು. ವಿಜಯಾದ 1,000 ಷೇರಿಗೆ ಬರೋಡಾದ 402 ಷೇರು, ದೇನಾದ 1,000ಕ್ಕೆ 110 ಎಂದು ನಿಗದಿಯಾಯಿತು. ಕರಾವಳಿಯ ಎಷ್ಟೋ ಮನೆಗಳಲ್ಲಿ ‘ನಮ್ಮ ಬ್ಯಾಂಕು’ ಎಂಬ ಅಭಿಮಾನದಿಂದ ಕೊಂಡ ಷೇರುಗಳಿದ್ದವು. ಕೊಂಡವರು ಮಾರುವ ಸ್ವಾತಂತ್ರ್ಯವೊಂದನ್ನು ಬಿಟ್ಟರೆ ಬೇರೇನೂ ಹೇಳುವಂತಿರಲಿಲ್ಲ.

ನೌಕರರಿಗೆ ಸಿಕ್ಕಿದ್ದು ಒಂದು ಭರವಸೆ: ಯಾರ ಕೆಲಸವೂ ಹೋಗುವುದಿಲ್ಲ. ಆದರೆ ನೌಕರನ ನಂಬಿಕೆ ಸಂಬಳದ ಚೀಟಿಯ ಮೇಲೆ ಮಾತ್ರ ನಿಂತಿರುವುದಿಲ್ಲ. ತನ್ನ ಸೇವಾ ಹಿರಿತನ ಯಾರ ಪಟ್ಟಿಯಲ್ಲಿ ಎಷ್ಟನೆಯದಾಗುತ್ತದೆ, ಬಡ್ತಿಯನ್ನು ಯಾರು ನಿರ್ಧರಿಸುತ್ತಾರೆ, ವರ್ಗ ಯಾವ ಊರಿಗೆ ಎಂಬುದರ ಮೇಲೂ ನಿಂತಿರುತ್ತದೆ. ವರ್ಷವಿಡೀ ದುಡಿದು ಲಾಭ ತಂದರೆ ಸಂಸ್ಥೆ ಉಳಿಯುತ್ತದೆ ಎಂಬುದು ಆ ನಂಬಿಕೆಯ ಬುಡ. ವಿಜಯಾದವರಿಗೆ ಆ ಬುಡವನ್ನೇ ಕಿತ್ತು ತೋರಿಸಲಾಯಿತು. 2018ರ ಡಿಸೆಂಬರ್ 26ರಂದು ಬ್ಯಾಂಕ್ ನೌಕರರ ಸಂಘಟನೆಗಳು ಈ ವಿಲೀನದ ವಿರುದ್ಧ ದೇಶವ್ಯಾಪಿ ಮುಷ್ಕರ ಮಾಡಿದವು. ಒಂದು ವಾರದ ಬಳಿಕ, ಜನವರಿ 2ರಂದು, ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ಇದನ್ನು ಗುಜರಾತಿಗೂ ಕರ್ನಾಟಕಕ್ಕೂ ನಡುವಿನ ಜಗಳವೆಂದು ನೋಡುವುದು ತಪ್ಪು. ಸಯಾಜಿರಾವ್ ಗಾಯಕವಾಡರು 1908ರಲ್ಲಿ ತಮ್ಮ ಸಂಸ್ಥಾನಕ್ಕಾಗಿ ಕಟ್ಟಿದ ಬ್ಯಾಂಕಿಗೂ ಅತ್ತಾವರ ಬಾಲಕೃಷ್ಣ ಶೆಟ್ಟರು 1931ರಲ್ಲಿ ಕರಾವಳಿಯ ರೈತರಿಗಾಗಿ ಕಟ್ಟಿದ ಬ್ಯಾಂಕಿಗೂ ಹುಟ್ಟಿನ ಕಾರಣ ಹೆಚ್ಚು ಬೇರೆಯಲ್ಲ. ವಡೋದರದ ಮಂಜಲ್‌ಪುರದಲ್ಲಿ ದೇನಾ ಖಾತೆ ಇಟ್ಟುಕೊಂಡಿದ್ದವರಿಗೂ ಮೂಲ್ಕಿಯಲ್ಲಿ ವಿಜಯಾ ಖಾತೆ ಇದ್ದವರಿಗೂ 2021ರ ಮಾರ್ಚ್ 1ರಿಂದ ಹಳೆಯ ಐಎಫ್‌ಎಸ್‌ಸಿ ಕೋಡ್ ಕೆಲಸಕ್ಕೆ ಬಾರದಾಯಿತು. ಇಬ್ಬರನ್ನೂ ಯಾರೂ ಕೇಳಿರಲಿಲ್ಲ.

ವಿಲೀನವೇ ಪಾಪ ಎಂದೂ ಅಲ್ಲ. ಮೂಲ್ಕಿ ಸುಂದರರಾಮ ಶೆಟ್ಟರ ಕಾಲದಲ್ಲಿ, 1963ರಿಂದ 68ರ ನಡುವೆ, ವಿಜಯಾ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಸೇರಿಸಿಕೊಂಡೇ ದೊಡ್ಡದಾಯಿತು. ಅಲ್ಲಿ ಬೆಳೆಯಬೇಕೆಂಬ ಬಯಕೆ ಬ್ಯಾಂಕಿನದೇ ಆಗಿತ್ತು. 2018ರಲ್ಲಿ ಬಯಕೆ ದೆಹಲಿಯದು, ಬಿಲ್ಲು ಮಾತ್ರ ಬ್ಯಾಂಕುಗಳದು.

ವಿಲೀನದ ಪರ ಇರುವವರು ಈಗ ಲಾಭದ ಅಂಕಿ ತೋರಿಸುತ್ತಾರೆ. 2022-23ರಲ್ಲಿ ಬರೋಡಾದ ಲಾಭ 14,000 ಕೋಟಿ ದಾಟಿತು, ಷೇರೂ ಚೇತರಿಸಿಕೊಂಡಿತು. ನಿಜ. ಆದರೆ ಬ್ಯಾಂಕ್ ಆಫ್ ಮಹಾರಾಷ್ಟ್ರ, ಯೂಕೋ, ಇಂಡಿಯನ್ ಓವರ್ಸೀಸ್, ಸೆಂಟ್ರಲ್ ಬ್ಯಾಂಕ್‌ಗಳೂ ದೇನಾದಂತೆ ರಿಸರ್ವ್ ಬ್ಯಾಂಕಿನ ನಿರ್ಬಂಧದಲ್ಲಿದ್ದವು. ಅವನ್ನು ಯಾರೊಂದಿಗೂ ಕರಗಿಸಲಿಲ್ಲ. ಅವೂ ನಿರ್ಬಂಧದಿಂದ ಹೊರಬಂದವು, ಲಾಭಕ್ಕೂ ತಿರುಗಿದವು. ಸರ್ಕಾರ ಬಂಡವಾಳ ತುಂಬಿತು, ಕೆಟ್ಟ ಸಾಲಗಳಿಗೆ ಹಣ ತೆಗೆದಿಟ್ಟದ್ದಾಯಿತು, ದಿವಾಳಿ ಸಂಹಿತೆಯಿಂದ ಒಂದಿಷ್ಟು ವಸೂಲಿಯಾಯಿತು. ವಿಲೀನವಾದ ಬ್ಯಾಂಕು, ಆಗದ ಬ್ಯಾಂಕು, ಎರಡೂ ಈ ಮದ್ದಿನಿಂದಲೇ ಎದ್ದು ಕೂತಿರುವಾಗ ಗುಣವಾದ ಕೀರ್ತಿಯನ್ನು ವಿಲೀನಕ್ಕೆ ಮಾತ್ರ ಕೊಡುವುದು ಹೇಗೆ?

ಕರ್ನಾಟಕ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಲೇ ಇಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು. 2019ರಲ್ಲಿ ವಿಜಯಾ. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಪ್ರತಿ ಸಲವೂ ಒಂದೆರಡು ದಿನ ಭಾವುಕ ಲೇಖನಗಳು ಬಂದವು, ಆಮೇಲೆ ಫಲಕ ಬದಲಾಯಿತು. ದುಃಖಿಸುವುದರಲ್ಲಿ ನಾವು ಧಾರಾಳಿಗಳು, ಲೆಕ್ಕ ಕೇಳುವುದರಲ್ಲಿ ಸಂಕೋಚದವರು.

ಮುಂದಿನ ವಿಲೀನಕ್ಕೆ ಮೊದಲು ಮೂರು ಷರತ್ತುಗಳನ್ನಾದರೂ ನಮ್ಮ ಸಂಸದರು ಸಂಸತ್ತಿನಲ್ಲಿ ಇಡಬೇಕು. ಸರ್ಕಾರವನ್ನು ಹೊರಗಿಟ್ಟು ಉಳಿದ ಷೇರುದಾರರ ಮತ ಪಡೆಯಬೇಕು. ಹಿರಿತನ ಮತ್ತು ವರ್ಗಾವಣೆಯ ನಿಯಮಗಳು ಒಪ್ಪಿಗೆಗೆ ಮೊದಲೇ ನೌಕರರ ಕೈಗೆ ಸಿಗಬೇಕು. ಐದು ವರ್ಷ ಕಳೆದ ಮೇಲೆ, ಎಷ್ಟು ಶಾಖೆ ಮುಚ್ಚಿದವು, ಯಾವ ಜಿಲ್ಲೆಯಲ್ಲಿ ಸಾಲ ಏರಿತು ಅಥವಾ ಇಳಿಯಿತು ಎಂಬ ವರದಿ ಸದನಕ್ಕೆ ಬರಬೇಕು.

ವಿಜಯಾದ ವಿಷಯದಲ್ಲಿ ಆ ಐದು ವರ್ಷ 2024ರ ಮಾರ್ಚ್ 31ಕ್ಕೇ ಮುಗಿದಿದೆ.